ಬಸ್ಸು ಹತ್ತಿದ ಹಾರಾಟ

ನಮ್ಮ ಕಡೆ ಒಬ್ಬ ಮನುಷ್ಯ ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿದ ಎಂದರೆ ಒಂದು ಪ್ರಶ್ನೆಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು: ‘ಎತ್ತಾಗ ಹೊಂಟ್ರಿ?’ ಕೇಳಿದವರಿಗೆ ಅದರಿಂದ ಆಗಬೇಕಾದದ್ದು ಏನೂ ಇರುವುದಿಲ್ಲ. ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಇಲ್ಲೇ.’ ಸಂತೆಗೆ ಹೋಗುವವನೂ ಇಲ್ಲೇ, ಮುಂಬಯಿಗೆ ಹೋಗುವವನೂ ಇಲ್ಲೇ. ದವಾಖಾನೆಗೆ ಹೋಗುವವನು ಮಾತ್ರ ನಿಂತು ವಿವರವಾಗಿ ಹೇಳುತ್ತಾನೆ. ಹರೆಯದಲ್ಲಿ ಈ ಪ್ರಶ್ನೆ ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತಿತ್ತು. ನಾನು ಎತ್ತ ಹೋದರೆ ಇವರಿಗೇನು ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ಮುಂದೊಂದು ದಿನ ಅದೇ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಆಕಾಶಕ್ಕೇ ಹಾರಬೇಕಾಗುತ್ತದೆ ಎಂದು ಗೊತ್ತಿದ್ದರೆ, ಆಗಲೇ ಸ್ವಲ್ಪ ಮರ್ಯಾದೆಯಿಂದ ಉತ್ತರ ಕೊಡುತ್ತಿದ್ದೆ.

ಹಳೇ ಬಾಗಲಕೋಟೆಯಲ್ಲಿ ನಮ್ಮ ಓಣಿಯ ಬಾಯಿಗೇ ಗಂಗಕ್ಕನ ಮನೆ. ಗಂಗಕ್ಕ ನಮಗೆ ರಕ್ತಸಂಬಂಧಿಯಲ್ಲ, ಆದರೆ ಇಡೀ ಓಣಿಗೆ ಅಕ್ಕ. ಬೆಳಿಗ್ಗೆ ರೊಟ್ಟಿ ಬಡಿದು ಮುಗಿಸಿ, ಮೊರದ ತುಂಬ ಜೋಳ ಹಾಕಿಕೊಂಡು ಮನೆಯ ಮುಂದಿನ ಕಲ್ಲಿನ ಕಟ್ಟೆಯ ಮೇಲೆ ಕುಳಿತಳೆಂದರೆ ಬೆಕ್ಕು ಕೂಡ ಅವಳ ಕಣ್ಣು ತಪ್ಪಿಸಿ ಓಣಿ ದಾಟುವಂತಿರಲಿಲ್ಲ. ನಾನು ಪಾಲಿಟೆಕ್ನಿಕ್ಕಿನಲ್ಲಿ ಡ್ರಾಯಿಂಗ್ ಕಲಿಸುವವನಾದ್ದರಿಂದ ಓಣಿಯಲ್ಲಿ ನನಗೆ ಮಾಸ್ತರ ಎಂದೇ ಹೆಸರು. ನನ್ನನ್ನು ಹುಡುಕಿಕೊಂಡು ಬಂದವರಿಗೆ ನಮ್ಮ ಮನೆಯವರೆಗೆ ನಡೆಯುವ ಕಷ್ಟವೇ ಇರಲಿಲ್ಲ. ‘ಮಾಸ್ತರ ಕಟಿಂಗಿಗೆ ಹೋಗ್ಯಾನ್ರಿ. ಹಂಗ ಗಿರಣಿಗೆ ಹೋಗಿ ಹಿಟ್ಟು ತರ್ತಾನ. ಕುಂದರ್ರಿ, ಚಾ ಮಾಡ್ತೇನಿ’ ಎಂದು ಗಂಗಕ್ಕ ಅಲ್ಲೇ ಹಿಡಿದು ಕೂಡಿಸುತ್ತಿದ್ದಳು. ಮನೆಯಲ್ಲಿ ಹಿಟ್ಟು ಮುಗಿದಿದೆ ಎಂಬುದು ಎಷ್ಟೋ ಸಲ ನನಗೆ ಗೊತ್ತಾಗುತ್ತಿದ್ದುದೇ ಅವಳಿಂದ.

ಆಮೇಲೆ ಅಣೆಕಟ್ಟಿನ ಹಿನ್ನೀರು ಬಂದು ಓಣಿ ಮುಳುಗಿತು. ಓಣಿಯವರಿಗೆಲ್ಲ ನವನಗರದಲ್ಲಿ ಪ್ಲಾಟು ಸಿಕ್ಕವು, ಆದರೆ ಒಬ್ಬೊಬ್ಬರಿಗೆ ಒಂದೊಂದು ಸೆಕ್ಟರಿನಲ್ಲಿ. ಗಂಗಕ್ಕನ ಮನೆ ಅತ್ತ ತುದಿಗೆ, ನನ್ನದು ಇತ್ತ ತುದಿಗೆ. ನವನಗರವನ್ನು ನಾನು ಹಳಿಯುವುದಿಲ್ಲ. ಅಗಲವಾದ ರಸ್ತೆ, ಸಾಲಾಗಿ ನೆಟ್ಟ ಗಿಡ, ಮನೆಗೆ ನಂಬರು, ಡ್ರಾಯಿಂಗ್ ಮಾಸ್ತರನಿಗೆ ಇದಕ್ಕಿಂತ ಸಂತೋಷ ಬೇರೆ ಏನು ಬೇಕು. ಎಲ್ಲ ಗೆರೆಯೂ ನೆಟ್ಟಗೆ ಇತ್ತು. ಆದರೆ ಕಟ್ಟೆ ಇರಲಿಲ್ಲ. ಎದುರು ಮನೆಯ ಗೇಟಿಗೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಹಲಗೆ ಇತ್ತು. ಆ ನಾಯಿಯನ್ನೂ ನಾನು ಕಾಣಲಿಲ್ಲ, ಆ ಮನೆಯವರನ್ನೂ ಕಾಣಲಿಲ್ಲ. ನಾನು ಒಬ್ಬನೇ ಇರುವವನು. ಯಾಕೆ ಒಬ್ಬನೇ ಎಂಬುದು ಬೇರೆಯೇ ಪ್ರಬಂಧದ ವಿಷಯ, ಅದರಲ್ಲಿ ಹಾಸ್ಯ ಕಡಿಮೆ. ಬೀಗ ಹಾಕಿ ಹೊರಬೀಳುವಾಗ ಮೊದಲ ಕೆಲವು ತಿಂಗಳು ಅಭ್ಯಾಸಬಲದಿಂದ ನಾಲಗೆಯ ತುದಿಯಲ್ಲಿ ‘ಇಲ್ಲೇ’ ಎಂಬ ಉತ್ತರ ಸಿದ್ಧವಾಗಿ ಇರುತ್ತಿತ್ತು. ಯಾರೂ ಕೇಳದ್ದರಿಂದ ಅದನ್ನು ನುಂಗಿಕೊಂಡು ಕಾಲೇಜಿಗೆ ಹೋಗುತ್ತಿದ್ದೆ.

ಹಾರುವ ಚಟ ಹತ್ತಿದ್ದು ಪುಣೆಯಲ್ಲಿ. ಕಾಲೇಜಿನಿಂದ ಒಂದು ಬೇಸಿಗೆ ತರಬೇತಿಗೆಂದು ಕಳಿಸಿದ್ದರು. ಭಾನುವಾರ ಹೊತ್ತು ಹೋಗದೆ ಊರಾಚೆಯ ಗುಡ್ಡಕ್ಕೆ ಹೋದರೆ, ಅಲ್ಲಿ ಮಂದಿ ಬಣ್ಣಬಣ್ಣದ ದೊಡ್ಡ ಬಟ್ಟೆಯನ್ನು ನೆಲದ ಮೇಲೆ ಹಾಸಿ, ಅದರ ದಾರಗಳಿಗೆ ತಮ್ಮನ್ನು ಕಟ್ಟಿಕೊಂಡು, ನಾಲ್ಕು ಹೆಜ್ಜೆ ಓಡಿ ಗಾಳಿಗೆ ಬೀಳುತ್ತಿದ್ದರು. ಬೀಳಲಿಲ್ಲ, ತೇಲಿದರು. ಎಂಜಿನ್ ಇಲ್ಲ, ಸದ್ದಿಲ್ಲ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿಯನ್ನು ಹುಡುಕಿ, ಅದರಲ್ಲಿ ಹದ್ದಿನ ಹಾಗೆ ಸುತ್ತು ಹಾಕುತ್ತ ಏರುವುದು, ಅದು ತೀರಿದಾಗ ಇನ್ನೊಂದು ಏರುಗಾಳಿ ಹುಡುಕಿಕೊಂಡು ಹೋಗುವುದು. ನಾನು ಕಲಿತೆ. ಅಲ್ಲಿಯ ಒಬ್ಬ ಹಾರುವವನಿಗೆ ಮದುವೆ ಗೊತ್ತಾಗಿ, ಹೆಣ್ಣಿನ ಕಡೆಯವರು ಮೊದಲು ನೆಲದ ಮೇಲೆ ನಿಲ್ಲು ಎಂದು ಷರತ್ತು ಹಾಕಿದ್ದರಂತೆ. ಅವನಿಗೆ ಹೆಂಡತಿ ಸಿಕ್ಕಳು, ನನಗೆ ಅವನ ಬಟ್ಟೆಯ ರೆಕ್ಕೆ ಸಿಕ್ಕಿತು. ಇಬ್ಬರಲ್ಲಿ ಯಾರಿಗೆ ಲಾಭವಾಯಿತು ಎಂದು ನಾನು ಇನ್ನೂ ವಿಚಾರ ಮಾಡುತ್ತೇನೆ.

ಬಾದಾಮಿಯಿಂದ ಶಿವಯೋಗ ಮಂದಿರದ ಕಡೆ ಹೋಗುವ ದಾರಿಯಲ್ಲಿ ಒಂದು ಬೋಳು ಗುಡ್ಡವಿದೆ. ಪಡುವಣ ಗಾಳಿಗೆ ಎದೆ ಕೊಟ್ಟು ನಿಂತ ಗುಡ್ಡ. ಭಾನುವಾರ ಬೆಳಿಗ್ಗೆ ರೆಕ್ಕೆಯನ್ನು ಮಡಚಿ ತುಂಬಿದ ಚೀಲ ಹೊತ್ತು ಬಸ್ಸಿಗೆ ಹೊರಡುತ್ತಿದ್ದೆ. ಆ ಚೀಲ ನನಗಿಂತ ದಪ್ಪ. ಒಮ್ಮೆ ಪಕ್ಕದಲ್ಲಿ ಕುಳಿತ ಹೆಣ್ಣುಮಗಳು ಅದನ್ನು ಎರಡು ಸಲ ಒತ್ತಿ ನೋಡಿ, ‘ಗಾದಿ ಮೆತ್ತಗ ಅದಾವ. ಜೋಡಿ ಹೆಂಗ ಕೊಟ್ರಿ?’ ಎಂದು ಕೇಳಿದಳು. ಇದು ಗಾದಿ ಅಲ್ಲ, ನಾನು ಹಾರುವವನು ಎಂದೆ. ಆಕೆ ಸ್ವಲ್ಪ ಸರಿದು ಕುಳಿತಳು. ಅಂದಿನಿಂದ ಚೀಲವನ್ನು ಬಸ್ಸಿನ ಮೇಲೆ ಹಾಕಿಸತೊಡಗಿದೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ನನ್ನ ಮಾನ ಹೋಗಿದ್ದು ಇದರಿಂದಲೇ.

ಪುಣೆಯ ಗುರುಗಳು ಒಂದು ಮಾತು ಹೇಳಿ ಕಳಿಸಿದ್ದರು: ಎಂದೂ ಯಾರಿಗೂ ಹೇಳದೆ ಹಾರಬೇಡ, ಎತ್ತ ಹೋಗುತ್ತೀ, ಎಷ್ಟೊತ್ತಿಗೆ ಬರುತ್ತೀ ಎಂಬುದು ನೆಲದ ಮೇಲೆ ಒಬ್ಬರಿಗಾದರೂ ಗೊತ್ತಿರಬೇಕು. ಯಾರಿಗೆ ಹೇಳಲಿ? ಕಾಲೇಜಿನಲ್ಲಿ ಹೇಳಿದರೆ ರಜೆಗೆ ಕುತ್ತು. ಎದುರು ಮನೆಯ ಹಲಗೆಗೆ ಹೇಳಬಹುದಿತ್ತು. ಕೊನೆಗೆ ಒಂದು ಜಿಪಿಎಸ್ ತರಿಸಿದೆ. ಅಂಗೈಯಷ್ಟು ಹಳದಿ ಯಂತ್ರ. ಚಾಲೂ ಮಾಡಿ ಭುಜದ ಪಟ್ಟಿಗೆ ಸಿಕ್ಕಿಸಿಕೊಂಡರೆ ಉಪಗ್ರಹಗಳನ್ನು ಕೇಳಿ ಕೇಳಿ, ನೀನು ಈಗ ಇಲ್ಲಿದ್ದೀ, ಇಷ್ಟು ಎತ್ತರದಲ್ಲಿದ್ದೀ ಎಂದು ಒಂದೊಂದು ಚುಕ್ಕೆ ಇಡುತ್ತ ಹೋಗುತ್ತದೆ. ಚುಕ್ಕೆ ಸೇರಿ ಗೆರೆಯಾಗುತ್ತದೆ. ಆ ಗೆರೆಯನ್ನು ಕಂಪ್ಯೂಟರಿಗೆ ಇಳಿಸಿದರೆ ಹಾರಿದ ದಾರಿಯೆಲ್ಲ ನಕ್ಷೆಯ ಮೇಲೆ ಮೂಡುತ್ತದೆ. ನಾನು ಎತ್ತ ಹೋದೆ ಎಂದು ಕೇಳುವ ಯಂತ್ರವೊಂದು ಸಿಕ್ಕಿತಲ್ಲ ಎಂದು ಸಮಾಧಾನವಾಯಿತು. ಅದು ಚಾ ಮಾತ್ರ ಮಾಡುತ್ತಿರಲಿಲ್ಲ.

ಇನ್ನೊಂದು ಅನುಕೂಲವೂ ಇತ್ತು. ದೇಶದೇಶಗಳ ಹಾರುವವರು ತಮ್ಮತಮ್ಮ ಗೆರೆಗಳನ್ನು ಒಂದು ವೆಬ್‌ಸೈಟಿಗೆ ಹಾಕುತ್ತಿದ್ದರು. ಒಬ್ಬರದನ್ನು ಒಬ್ಬರು ನೋಡಿ ಎರಡು ಮಾತು ಬರೆಯುತ್ತಿದ್ದರು. ನಮ್ಮ ಸೆಕ್ಟರಿನ ನೆಟ್ ಕೆಫೆ ನಡೆಸುತ್ತಿದ್ದ ಮಹಾಂತೇಶ ನನ್ನ ಯಂತ್ರದ ವೈರನ್ನು ತನ್ನ ಕಂಪ್ಯೂಟರಿಗೆ ಚುಚ್ಚಲು ಮೊದಲು ಒಪ್ಪಲಿಲ್ಲ. ‘ಇದರಾಗ ವೈರಸ್ ಇಲ್ಲಲ್ರಿ, ಮಾಸ್ತರ್ರ?’ ಎಂದ. ‘ಇಲ್ಲೋ, ಬರೇ ಗಾಳಿ ಐತಿ’ ಎಂದೆ. ಹೀಗೆ ನನ್ನ ಮೊದಲ ಹಾರಾಟ ಲೋಕಕ್ಕೆ ತೆರೆದುಕೊಂಡಿತು. ಎಷ್ಟು ಜನ ನೋಡಿದರು ಎಂದು ಅದರ ಕೆಳಗೆ ಒಂದು ಅಂಕಿ ಇರುತ್ತಿತ್ತು. ಮರುದಿನ ಹೋಗಿ ನೋಡಿದೆ. ಒಂದು ಎಂದಿತ್ತು. ಎದೆ ಹಿಗ್ಗಿತು. ಆ ಒಬ್ಬ ನಾನೇ ಎಂದು ತಿಳಿಯಲು ಅರ್ಧ ತಾಸು ಹಿಡಿಯಿತು. ಮುಂದೆ ಇಳಕಲ್ಲಿಗೆ ಪರೀಕ್ಷೆಯ ಕೆಲಸಕ್ಕೆ ಹೋದಾಗ, ಸೀರೆ ಅಂಗಡಿಗಳ ಸಾಲು ದಾಟಿ ಅಲ್ಲಿಯ ನೆಟ್ ಕೆಫೆ ಹುಡುಕಿ, ಅಲ್ಲಿಂದಲೂ ಒಮ್ಮೆ ನನ್ನನ್ನೇ ನೋಡಿಕೊಂಡೆ. ಬೇರೆ ಊರಿನಿಂದಲೂ ಒಬ್ಬ ನೋಡಿದ ಹಾಗಾಯಿತಲ್ಲ.

ಹೀಗಿರುವಾಗ ಒಂದು ಭಾನುವಾರ ಗಾಳಿ ನನ್ನ ಮೇಲೆ ಅತಿಯಾದ ಪ್ರೀತಿ ತೋರಿಸಿತು. ಗುಡ್ಡ ಬಿಟ್ಟವನಿಗೆ ಒಂದರ ಹಿಂದೆ ಒಂದು ಏರುಗಾಳಿ ಸಿಕ್ಕು, ಮೂಡಣಕ್ಕೆ ತೇಲುತ್ತ ತೇಲುತ್ತ ಅಮೀನಗಡದ ಹತ್ತಿರ ಕೊಯ್ದ ಜೋಳದ ಹೊಲವೊಂದರಲ್ಲಿ ಇಳಿದೆ. ನನ್ನ ಮಟ್ಟಿಗೆ ಅದು ದಿಗ್ವಿಜಯ. ಹೊಲದ ಯಜಮಾನ ಯಮನಪ್ಪ ಬೇವಿನ ಗಿಡದ ನೆರಳಿನಿಂದ ಎದ್ದು ಸಾವಕಾಶವಾಗಿ ಬಂದ. ಆಕಾಶದಿಂದ ಮನುಷ್ಯ ಇಳಿದಿದ್ದಾನೆ ಎಂಬ ಗಾಬರಿ ಅವನ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಮುಗ್ಗರಿಸಿ ಬಿದ್ದಿದ್ದ ನನ್ನನ್ನು ಎಬ್ಬಿಸಿ ಮೈಯ ಮಣ್ಣು ಕೊಡವಿ, ‘ಎತ್ತಾಗ ಹೊಂಟಿದ್ರಿ?’ ಎಂದು ಕೇಳಿದ.

ಎಷ್ಟು ವರ್ಷಗಳ ಮೇಲೆ ಕೇಳಿದ ಮಾತು. ನಾಲಗೆಯ ತುದಿಯಲ್ಲಿ ಇದ್ದ ಹಳೆಯ ಉತ್ತರವೇ ಬಂತು: ‘ಇಲ್ಲೇ.’ ಯಮನಪ್ಪನಿಗೆ ಅಷ್ಟು ಸಾಕಾಯಿತು. ‘ಊಟದ ಹೊತ್ತಾಗೈತಿ, ಬರ್ರಿ’ ಎಂದು ಮನೆಗೆ ಎಳೆದೊಯ್ದ. ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮಜ್ಜಿಗೆ. ಸಂಕೋಚ ಬಿಟ್ಟು ಉಂಡೆ. ಏಳುವ ಹೊತ್ತಿಗೆ ಅವನ ಹೆಂಡತಿ ಬಟ್ಟೆಯ ಗಂಟೊಂದನ್ನು ತಂದು ಮುಂದಿಟ್ಟಳು. ನಮ್ಮ ಕಡೆ ಯಾವ ದಿಕ್ಕಿಗಾದರೂ ಹೊರಟವನ ಕೈ ಖಾಲಿ ಇದೆ ಎಂದರೆ ಅದರಲ್ಲಿ ಏನಾದರೂ ಕೊಟ್ಟು ಕಳಿಸುವುದು ರೂಢಿ. ‘ಹುನಗುಂದದಾಗ ನಮ್ಮ ಮಗಳದಾಳ್ರಿ, ಬಸರಿ ಹೆಣ್ಮಗಳು. ನನ್ನ ಕೈ ಹಿಂಡಿ ಬೇಕಂತ ಹೇಳಿ ಕಳಿಸ್ಯಾಳ. ಇಷ್ಟ ಮುಟ್ಟಸ್ರಿ’ ಎಂದಳು. ‘ನಾ ಬಾಗಲಕೋಟಿಗೆ ಹೋಗಾಂವ್ರಿ ಅವ್ವಾರ. ಹುನಗುಂದ ಅತ್ತಾಗ ಆಗ್ತೈತಿ’ ಎಂದೆ. ‘ಮ್ಯಾಲಿಂದ ಬಂದೋರಿಗೆ ಅತ್ತಾಗ ಏನು, ಇತ್ತಾಗ ಏನ್ರಿ?’ ಎಂದಳು ಆ ತಾಯಿ. ಅದಕ್ಕೆ ಯಾವ ಪಾಲಿಟೆಕ್ನಿಕ್ಕಿನಲ್ಲೂ ಉತ್ತರ ಕಲಿಸುವುದಿಲ್ಲ. ಗಂಟು ಹಿಡಿದು ಹುನಗುಂದದ ಬಸ್ಸು ಹತ್ತಿದೆ. ಕೋರ್ಟಿನ ಹಿಂದಿನ ಓಣಿಗಳಲ್ಲಿ ಸುತ್ತಿ ಸುತ್ತಿ ಮಗಳ ಮನೆ ಹುಡುಕಿ ಹಿಂಡಿ ಮುಟ್ಟಿಸಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ಬಾಗಲಕೋಟೆಗೆ ಮರಳಿದೆ.

ಇಷ್ಟು ಹೊತ್ತೂ ನನ್ನ ಜಿಪಿಎಸ್ ಚಾಲೂ ಇತ್ತು. ಹೊಲದಲ್ಲಿ ಇಳಿದ ಕೂಡಲೇ ಅದನ್ನು ಬಂದ್ ಮಾಡಬೇಕು ಎಂಬುದು ಹಾರುವವರ ಮೊದಲ ಪಾಠ. ಆದರೆ ಆ ಪಾಠ ಬರೆದವರಿಗೆ ಯಮನಪ್ಪನ ಪರಿಚಯವಿರಲಿಲ್ಲ. ಇಳಿದವನನ್ನು ಊಟಕ್ಕೆ ಎಬ್ಬಿಸಿಕೊಂಡು ಹೋಗುವ ಊರಲ್ಲಿ ಗುಂಡಿ ಒತ್ತುವುದು ಯಾರಿಗೆ ನೆನಪಿರುತ್ತದೆ? ಚೀಲದ ಪಟ್ಟಿಗೆ ಸಿಕ್ಕಿಸಿಕೊಂಡು ಬಸ್ಸಿನ ನೆತ್ತಿಯ ಮೇಲೆ ಕುಳಿತ ಯಂತ್ರ, ಆಕಾಶ ಚೆನ್ನಾಗಿ ಕಾಣುತ್ತಿದ್ದುದರಿಂದ, ಒಂದು ಚುಕ್ಕೆಯೂ ಬಿಡದೆ ಬರೆದುಕೊಂಡು ಬಂದಿತ್ತು. ನಾನು ನೋಡದೆ ಹಾಗೇ ಹಾಕಿಬಿಟ್ಟೆ. ವೆಬ್‌ಸೈಟು ಅಷ್ಟನ್ನೂ ಹಾರಾಟವೆಂದೇ ಲೆಕ್ಕ ಹಿಡಿದು, ಆ ವಾರದ ಪಟ್ಟಿಯಲ್ಲಿ ನನ್ನ ಹೆಸರನ್ನು ದೊಡ್ಡ ದೊಡ್ಡ ಹಾರುವವರ ನೆತ್ತಿಯ ಮೇಲೆ ಕೂಡಿಸಿತು.

ಮರುದಿನ ನೋಡಿದರೆ ಜಾತ್ರೆಯೇ ನೆರೆದಿತ್ತು. ನೆಲಕ್ಕೆ ಇಷ್ಟು ಹತ್ತಿರ ಇಷ್ಟು ದೂರ ಹಾರಿದ ನಿಮ್ಮ ಧೈರ್ಯಕ್ಕೆ ಅಭಿನಂದನೆ ಎಂದು ಇಟಲಿಯವನೊಬ್ಬ ಬರೆದಿದ್ದ. ಊರು ಬಂದಾಗಲೆಲ್ಲ ಗಾಳಿಯಲ್ಲಿ ಅಲುಗದೆ ನಿಂತು ಮತ್ತೆ ಹೊರಡುತ್ತೀರಿ, ಇದು ಯಾವ ವಿದ್ಯೆ ಎಂದು ಬ್ರೆಜಿಲ್ಲಿನವನು ಕೇಳಿದ್ದ. ಒಬ್ಬ ಜಪಾನಿನವನಿಗೆ ಮಾತ್ರ ಹುನಗುಂದದ ಓಣಿಗಳಲ್ಲಿ ನಾನು ತೆಗೆದುಕೊಂಡ ಚೌಕದ ತಿರುವುಗಳ ಮೇಲೆ ಸಂಶಯ ಬಂದಿತ್ತು. ಅದು ಸರಕಾರಿ ಬಸ್ಸು, ಚೌಕದ ತಿರುವುಗಳೆಲ್ಲ ಒಬ್ಬ ಬಸುರಿ ಹೆಣ್ಣುಮಗಳ ಹಿಂಡಿಯ ಸಲುವಾಗಿ, ದಯಮಾಡಿ ಪಟ್ಟಿಯಿಂದ ತೆಗೆಯಿರಿ ಎಂದು ಬರೆದು ಹಾಕಿದೆ. ಎರಡು ದಿನ ಎಲ್ಲರೂ ನಕ್ಕರು. ಮೂರನೆಯ ದಿನ ನಗಲಿಕ್ಕೂ ಯಾರೂ ಬರಲಿಲ್ಲ. ಜಾತ್ರೆ ಮುಗಿದ ಮೇಲಿನ ಬಯಲಿನಲ್ಲಿ ಒಬ್ಬನೇ ನಿಂತ ಹಾಗಾಯಿತು. ಮೊದಲು ಯಾರೂ ನೋಡದಿದ್ದಾಗ ಇಷ್ಟು ಖಾಲಿ ಅನಿಸಿರಲಿಲ್ಲ.

ಒಬ್ಬ ಮಾತ್ರ ಉಳಿದ. ಆಲ್ಪ್ಸ್ ಪರ್ವತದ ಬುಡದ ಯಾವುದೋ ಊರಿನ ಮುದುಕ, ಹೆಸರು ಹಾನ್ಸ್. ನಾನು ಮನಸ್ಸಿನಲ್ಲೇ ಹಂಸಪ್ಪ ಎಂದು ಕರೆದುಕೊಂಡೆ. ಮೊಣಕಾಲು ಕೈಕೊಟ್ಟದ್ದರಿಂದ ಹಾರುವುದನ್ನು ಬಿಟ್ಟು, ಬೇರೆಯವರ ಗೆರೆಗಳನ್ನು ನೋಡುತ್ತ ಕುಳಿತವನು. ಅವನು ಬರೆದದ್ದು ಇಷ್ಟು: ‘ನಿನ್ನ ಹಳೆಯ ಹಾರಾಟಗಳನ್ನೂ ತೆಗೆದು ನೋಡಿದೆ. ಒಂದರಲ್ಲೂ ನೀನು ಯಂತ್ರ ಬಂದ್ ಮಾಡಿಲ್ಲ. ನನಗೆ ಬಸ್ಸಿನ ಭಾಗವೇ ಹೆಚ್ಚು ಇಷ್ಟವಾಯಿತು. ಒಂದು ವಿಷಯ ಮಾತ್ರ ತಿಳಿಯಲಿಲ್ಲ. ಬಸ್ಸು ಇಳಿದವನು ಪ್ರತಿ ಸಲವೂ ಮನೆಗೆ ಹೋಗುವ ಮೊದಲು ನೀರಿನ ದಂಡೆಗೆ ಹೋಗಿ ಬಹಳ ಹೊತ್ತು ನಿಲ್ಲುತ್ತೀ. ನಮ್ಮ ಕಡೆ ಸರೋವರದ ದಂಡೆಯಲ್ಲಿ ಸಂಜೆ ಒಳ್ಳೆಯ ಏರುಗಾಳಿ ಇರುತ್ತದೆ. ನಿಮ್ಮಲ್ಲೂ ಇದೆಯೇ?’

ಪ್ರತಿ ಸಲ ಎಂಬುದು ಸುಳ್ಳು ಎಂದುಕೊಂಡೆ. ಎಂದೋ ಒಮ್ಮೆ, ಹೊತ್ತು ಇದ್ದಾಗ, ಹಳೇ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹಿನ್ನೀರಿನ ಕಡೆ ಹೋಗಿ ಬಂದದ್ದುಂಟು, ಅಷ್ಟೇ. ಹಠಕ್ಕೆ ಬಿದ್ದು ನನ್ನ ಗೆರೆಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಒಂದೇ ಕಡೆ ನಿಂತರೆ ಜಿಪಿಎಸ್ಸಿನ ಚುಕ್ಕೆಗಳು ಒಂದರ ಮೇಲೊಂದು ಬಿದ್ದು ದಾರದ ಗಂಟಿನ ಹಾಗೆ ಕಾಣುತ್ತವೆ. ಎಲ್ಲ ಗೆರೆಗಳಲ್ಲೂ ಆ ಗಂಟು ಇತ್ತು, ಒಂದೇ ಜಾಗದಲ್ಲಿ. ನಮ್ಮ ಮನೆ ಇದ್ದದ್ದು ಅದಕ್ಕಿಂತ ಒಳಗೆ, ನೀರಿನಲ್ಲಿ. ಗಂಟು ಬಿದ್ದದ್ದು ಓಣಿಯ ಬಾಯಿಗೆ, ಬೇಸಿಗೆಯಲ್ಲಿ ನೀರು ಇಳಿದಾಗ ಗಂಗಕ್ಕನ ಕಟ್ಟೆಯ ಕಲ್ಲು ಎದ್ದು ಕಾಣುವ ಜಾಗದ ಮುಂದಿನ ದಂಡೆಗೆ. ಬೆನ್ನ ಮೇಲೆ ರೆಕ್ಕೆ ಹೊತ್ತು ನಾನು ಅಲ್ಲಿ ವರ್ಷಗಟ್ಟಲೆ ಹೋಗಿ ನಿಂತಿದ್ದೆ, ಯಾರಾದರೂ ಕೇಳಲಿ ಎಂದು. ನನಗೆ ಭಾಳ ಅಂದರೆ ಭಾಳ ಒಂಟಿ ಅನಿಸಿತು. ‘ಯಾಕ್ರಿ ಮಾಸ್ತರ್ರ, ಹ್ಯಾಂಗ್ ಆತೇನ್ರಿ?’ ಎಂದು ಮಹಾಂತೇಶ ಬಂದು ಕಂಪ್ಯೂಟರಿನ ತಲೆ ತಟ್ಟಿದ.

ಅಲ್ಲಿ ಏರುಗಾಳಿ ಇಲ್ಲ, ಮೊದಲು ಅಲ್ಲಿ ಒಬ್ಬ ಹೆಣ್ಣುಮಗಳು ಕುಳಿತು ಹೋಗಿಬರುವವರನ್ನೆಲ್ಲ ಎತ್ತ ಹೊರಟಿರಿ ಎಂದು ಕೇಳುತ್ತಿದ್ದಳು ಎಂದು ಹಂಸಪ್ಪನಿಗೆ ಬರೆದೆ. ‘ಈಗ ಆಕೆ ಎಲ್ಲಿದ್ದಾಳೆ?’ ಎಂದು ಮುದುಕ ಕೇಳಿದ. ಆಕೆ ಇದೇ ಊರಿನಲ್ಲಿ, ಆಟೋದವನು ಮಾತು ಶುರು ಮಾಡಿ ಮುಗಿಸುವುದರೊಳಗೆ ಮುಟ್ಟುವಷ್ಟು ದೂರದ ಸೆಕ್ಟರಿನಲ್ಲಿ ಇದ್ದಾಳೆ ಎಂದು ಬರೆಯಲು ಕೈ ಏಳಲಿಲ್ಲ. ಬಂದ ಹೊಸದರಲ್ಲಿ ಒಮ್ಮೆ ಹೋಗಿದ್ದೆ. ಆಮೇಲೆ ಇವತ್ತು ನಾಳೆ ಎನ್ನುತ್ತ ವರ್ಷಗಳೇ ಹೋಗಿದ್ದವು. ಮಹಾಂತೇಶನಿಂದ ಹುನಗುಂದದ ಗೆರೆಯ ಪ್ರಿಂಟು ತೆಗೆಸಿಕೊಂಡು ಅಂದೇ ಸಂಜೆ ಗಂಗಕ್ಕನ ಮನೆಗೆ ಹೋದೆ.

ಮಗ ಸೊಸೆ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ಮೊರ ಇರಲಿಲ್ಲ, ಜೋಳ ಈಗ ಹಸನಾಗಿಯೇ ಅಂಗಡಿಯಿಂದ ಬರುತ್ತದಂತೆ. ‘ಮಾಸ್ತರ ಏನೋ?’ ಎಂದು ಕಣ್ಣು ಕಿರಿದು ಮಾಡಿ ಗುರುತು ಹಿಡಿದಳು. ನಾನು ಪ್ರಿಂಟು ಬಿಡಿಸಿ, ಇಲ್ಲಿಂದ ಹಾರಿದೆ, ಇಲ್ಲಿ ಇಳಿದೆ, ಇಲ್ಲಿ ಬಸ್ಸು ಹತ್ತಿದೆ ಎಂದು ಬೆರಳಿಟ್ಟು ತೋರಿಸಿದೆ. ಎಲ್ಲವನ್ನೂ ಕೇಳಿ ಮುಗಿಸಿ, ‘ಬಾದಾಮಿ ಆತು, ಅಮೀನಗಡ ಆತು, ಹುನಗುಂದ ಆತು. ಇಷ್ಟ ವರ್ಷದಾಗ ನಮ್ಮ ಮನಿ ಕಡೆ ಗಾಳಿ ಬೀಸಲಿಲ್ಲೇನೋ?’ ಎಂದಳು. ನಾನು ಪ್ರಿಂಟನ್ನು ಮಡಚತೊಡಗಿದೆ. ಮಾತು ಬದಲಿಸಬೇಕೆಂದು, ‘ಈಗ ಯಾರನ್ನೂ ಎತ್ತಾಗ ಹೊಂಟ್ರಿ ಅಂತ ಕೇಳೂದಿಲ್ಲೇನಕ್ಕ?’ ಎಂದೆ. ‘ಯಾರನ್ನ ಕೇಳ್ಲಿ? ಎಲ್ಲಾರೂ ಗಾಡಿ ಮ್ಯಾಲ ಹೋಗ್ತಾರ. ನಾ ಎತ್ತಾಗ ಅನ್ನೂದ್ರಾಗ ಅವರು ಆ ತಿರುವು ದಾಟಿರ್ತಾರ. ಒಬ್ಬಾಕೀನ ಕುಂತು ಸಾಕಾಗೈತಿ’ ಎಂದಳು. ಚಾ ಕುಡಿದು ಎದ್ದೆ. ಗೇಟು ತೆಗೆಯುವಾಗ ಬೆನ್ನ ಹಿಂದಿನಿಂದ ಕೇಳಿತು: ‘ಎತ್ತಾಗ ಹೊಂಟಿ?’ ಇಲ್ಲೇ ಎನ್ನಲಿಲ್ಲ. ‘ಮನಿಗಿ ಅಕ್ಕ. ದಾರ್ಯಾಗ ಎಣ್ಣಿ ಒಯ್ಯೂದೈತಿ’ ಎಂದು ಪೂರಾ ಹೇಳಿದೆ.

ಅಂದಿನಿಂದ ನನ್ನ ಭಾನುವಾರ ಹೀಗೆ: ಮನೆಯಲ್ಲೇ ಜಿಪಿಎಸ್ ಚಾಲೂ ಮಾಡಿ, ಬಸ್ ಸ್ಟ್ಯಾಂಡು ಒಂದು ದಿಕ್ಕಿಗೆ ಇದ್ದರೆ ನಾನು ಚೀಲ ಹೊತ್ತು ಅದರ ವಿರುದ್ಧ ದಿಕ್ಕಿಗೆ ನಡೆಯುತ್ತೇನೆ. ಗಂಗಕ್ಕನ ಗೇಟಿನ ಮುಂದೆ ಹೆಜ್ಜೆ ಸಣ್ಣ ಮಾಡಿ ಕೆಮ್ಮುತ್ತೇನೆ. ಅವಳು ಕೇಳುತ್ತಾಳೆ. ನಾನು ಗುಡ್ಡದ ಹೆಸರು, ಗಾಳಿಯ ದಿಕ್ಕು, ಮರಳುವ ಹೊತ್ತು ಎಲ್ಲವನ್ನೂ ಒಪ್ಪಿಸುತ್ತೇನೆ. ಪುಣೆಯ ಗುರುಗಳ ಮಾತು ಕೊನೆಗೂ ನಡೆಸಿದಂತಾಯಿತು. ಆದರೆ ಕಳೆದ ಭಾನುವಾರ ಕೆಮ್ಮಿದರೆ ಒಳಗಿನಿಂದ ದನಿ ಬರಲಿಲ್ಲ. ಇಣುಕಿ ನೋಡಿದೆ. ಬಿಸಿಲು ಕಾಯಿಸುತ್ತ ಕುರ್ಚಿಯಲ್ಲೇ ಕತ್ತು ವಾಲಿಸಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಎಬ್ಬಿಸುವುದು ಸರಿಯಲ್ಲ, ಕೇಳಿಸಿಕೊಳ್ಳದೆ ಹೋಗಲಿಕ್ಕೆ ಮನಸ್ಸಿಲ್ಲ. ರಸ್ತೆಯ ತುದಿಗೆ ಹೋಗಿ ತಿರುಗಿ ಬಂದು ಇನ್ನಷ್ಟು ಜೋರಾಗಿ ಕೆಮ್ಮಿದೆ. ಮತ್ತೊಂದು ಸುತ್ತು ಹೋಗಿ ಬಂದು ಕೆಮ್ಮಿದೆ. ಮೂರನೆಯ ಸುತ್ತಿಗೆ ಎದುರು ಮನೆಯ ಕಿಟಕಿ ತೆರೆಯಿತು. ‘ಗಾದಿ ಬ್ಯಾಡ್ರಿ. ಮುಂದ ಹೋಗ್ರಿ’ ಎಂದಳು ಆ ಮನೆಯಾಕೆ. ಮುಂದೆ ಹೋದೆ.

ಮರುದಿನ ಆ ಗೆರೆ ನೋಡಿದ ಹಂಸಪ್ಪ ಒಂದೇ ಸಾಲು ಬರೆದಿದ್ದ: ‘ಬಸ್ಸು ಹತ್ತುವ ಮೊದಲು ಊರೊಳಗೇ ಒಂದು ಮನೆಯ ಮುಂದೆ ಮೂರು ಸುತ್ತು ಹಾಕಿದ್ದೀ. ಅಲ್ಲಿ ಏರುಗಾಳಿ ಇತ್ತೇ?’

ಇತ್ತು, ಮಲಗಿತ್ತು ಎಂದು ಬರೆದೆ.